ಆಗ್ತದ್ ಬಿಡ್ರಿ ಸಾರ್

ದಾವಣಗೆರೆಯ ಎಲೆಕ್ಟ್ರಿಷಿಯನ್ ಯಾವಾಗ ಫೋನ್ ಮಾಡಿದರೂ ಜಯದೇವ ಸರ್ಕಲ್‌ನಲ್ಲೇ ಇರುತ್ತಾನೆ. ನಿಮ್ಮ ಮನೆ ನಿಟ್ಟುವಳ್ಳಿಯಲ್ಲಿರಲಿ, ವಿದ್ಯಾನಗರದಲ್ಲಿರಲಿ, ಎಂಸಿಸಿ ಬಿ ಬ್ಲಾಕಿನಲ್ಲಿರಲಿ, ಉತ್ತರ ಒಂದೇ: "ಇಲ್ಲೇ ಜಯದೇವ ಸರ್ಕಲ್‌ನಾಗ ಇದೀನ್ರಿ ಸಾರ್, ಐದೇ ನಿಮಿಷ." ಅಷ್ಟರಲ್ಲಿ ಅವನ ಹಿಂದಿನಿಂದ ಯಾವನೋ ಕಂಡಕ್ಟರ್ "ದಾವಣ್ಗೆರೆ ದಾವಣ್ಗೆರೆ ದಾವಣ್ಗೆರೆ" ಎಂದು ಕೂಗುವುದು ಕೇಳಿಸುತ್ತದೆ. ದಾವಣಗೆರೆಯಲ್ಲಿ ನಿಂತು ದಾವಣಗೆರೆಗೆ ಯಾರೂ ಜನರನ್ನು ಕರೆಯುವುದಿಲ್ಲ. ಅಲ್ಲಿಗೆ ಮನುಷ್ಯ ಹರಿಹರದ ಬಸ್ ಸ್ಟ್ಯಾಂಡಿನಲ್ಲಿದ್ದಾನೆ, ಸುಮಾರು 14 ಕಿಲೋಮೀಟರ್ ಆಚೆ, ಇನ್ನೊಬ್ಬರ ಮನೆಯ ಫ್ಯಾನು ಅರ್ಧ ಬಿಚ್ಚಿಟ್ಟು ಚಹಾಕ್ಕೆ ಬಂದಿದ್ದಾನೆ ಎಂದು ತಿಳಿಯಬೇಕು.

ಇದನ್ನು ಸುಳ್ಳು ಎಂದರೆ ಅವನಿಗೆ ಬೇಜಾರಾಗುತ್ತದೆ. ಬರುವ ಮನಸ್ಸು ಮಾಡಿದ ಮೇಲೆ ಅರ್ಧ ದಾರಿ ಬಂದ ಹಾಗೇ ಎಂಬುದು ಅವನ ಲೆಕ್ಕ. ಒಂದು ಕಾಲಕ್ಕೆ ಅಶೋಕ ರಸ್ತೆಯ ರೈಲ್ವೆ ಗೇಟು ಅವನ ಕೈ ಹಿಡಿದಿತ್ತು. "ಗೇಟ್ ಹಾಕ್ಯಾರ್ರೀ" ಎಂದರೆ ಊರಿನಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ. ಭಾದ್ರಪದದಲ್ಲಿ ಗಣಪತಿ ಪೆಂಡಾಲು ಅವನನ್ನು ನುಂಗುತ್ತದೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಸೀರಿಯಲ್ ಸೆಟ್ ಹೊತ್ತುಕೊಂಡು ಕಂಬದಿಂದ ಕಂಬಕ್ಕೆ ಓಡಾಡುವ ಅವನನ್ನು ಮಾತಾಡಿಸುವುದೂ ಕಷ್ಟ. ಆ ಹೊತ್ತಿನಲ್ಲಿ ನಿಮ್ಮ ಮನೆ ತುಂಬ ನೆಂಟರಿದ್ದು ಗೀಸರ್ ಕೈಕೊಟ್ಟರೆ ಒಲೆ ಹೊತ್ತಿಸಿ ನೀರು ಕಾಯಿಸುವುದು ಒಳ್ಳೆಯದು.

ಆದರೂ ಬರುತ್ತಾನೆ. ಕತ್ತಲಾಗುವ ಹೊತ್ತಿಗೆ, ಇನ್ನು ಬರುವುದಿಲ್ಲ ಎಂದು ನೀವು ಬೈದು ಮುಗಿಸಿದ ಮೇಲೆ ಗೇಟಿನ ಹತ್ತಿರ ಬೈಕಿನ ಸದ್ದಾಗುತ್ತದೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರು, ಮುಂಗೈಗೆ ಬಳೆಯಂತೆ ಏರಿಸಿದ ಇನ್ಸುಲೇಷನ್ ಟೇಪು, ಕಿವಿಗೂ ಹೆಗಲಿಗೂ ನಡುವೆ ಮುಂದಿನ ಗಿರಾಕಿಯ ಫೋನು. ಬಡಾವಣೆಯ ಹುಡುಗರು ಇವನಿಗೆ ಟೆಸ್ಟರಣ್ಣ ಎಂದು ಹೆಸರಿಟ್ಟಿರುವುದರಿಂದ ನಾವೂ ಹಾಗೇ ಕರೆಯೋಣ. ಉಳಿದ ಸಲಕರಣೆಗಳೆಲ್ಲ ನಿಮ್ಮ ಮನೆಯಲ್ಲೇ ಇರುತ್ತವೆ ಎಂಬ ನಂಬಿಕೆ ಅವನದು. "ಅಕ್ಕಾರೆ, ಒಂದ್ ಪ್ಲಾಸ್ಟಿಕ್ ಕುರ್ಚಿ ಕೊಡ್ರಿ." ಕೊಟ್ಟದ್ದಾಯಿತು. "ಒಂದ್ ಚಾಕು ಇದ್ರೆ ಕೊಡ್ರಿ." ಈರುಳ್ಳಿ ಹೆಚ್ಚುತ್ತಿದ್ದ ಚಾಕು ಬಂತು. "ಸಾರ್, ನಿಮ್ ಮೊಬೈಲ್ ಟಾರ್ಚ್ ಹಿಂಗ್ ಹಿಡೀರಿ." ನಿವೃತ್ತ ಪ್ರಿನ್ಸಿಪಾಲರೊಬ್ಬರು ಕುರ್ಚಿಯ ಕೆಳಗೆ ಕೈಯೆತ್ತಿ ನಿಲ್ಲುತ್ತಾರೆ. ವೈರಿನ ತುದಿ ಸುಲಿಯುವುದಕ್ಕೆ ಮಾತ್ರ ಅವನು ಯಾರ ಹಂಗಿಗೂ ಬೀಳುವುದಿಲ್ಲ. ಹಲ್ಲಿನಲ್ಲೇ ಕಚ್ಚಿ ಎಳೆಯುತ್ತಾನೆ. ಮುಂದಿನ ಹಲ್ಲಿನಲ್ಲೊಂದು ಸಣ್ಣ ಕಚ್ಚು ಬಿದ್ದಿದ್ದರೆ ಕಸುಬಿನಲ್ಲಿ ಪಳಗಿದವನು ಎಂದರ್ಥ.

ಸ್ವಿಚ್ ಬೋರ್ಡು ಬಿಚ್ಚಿದ ಕೂಡಲೇ ಅವನ ಬಾಯಿಂದ ಬರುವ ಮೊದಲ ಮಾತು, "ಯಾವನ್ರೀ ಇದನ್ನ ಮಾಡಿದ್ದು?" ಇದಕ್ಕೆ ಉತ್ತರ ಕೊಡಬೇಕಾಗಿಲ್ಲ. ಅವನಿಗೆ ಗೊತ್ತು, ಹಿಂದಿನವನು. ಈ ಹಿಂದಿನವನನ್ನು ಊರಿನಲ್ಲಿ ಕಂಡವರಿಲ್ಲ. ಪಿ.ಜೆ. ಬಡಾವಣೆಯ ಹಳೇ ಮನೆಗೆ ವೈರಿಂಗ್ ಮಾಡಿದವನೂ ಅವನೇ, ಶಾಮನೂರು ರಸ್ತೆಯ ಹೊಸ ಅಪಾರ್ಟ್‌ಮೆಂಟನ್ನು ಕೆಡಿಸಿದವನೂ ಅವನೇ. ಎಲ್ಲ ಎಲೆಕ್ಟ್ರಿಷಿಯನ್‌ಗಳನ್ನು ಕೇಳಿ ಲೆಕ್ಕ ಹಾಕಿದರೆ ಇಡೀ ದಾವಣಗೆರೆಗೆ ಒಬ್ಬನೇ ಒಬ್ಬ ಅಯೋಗ್ಯ ವೈರ್ ಎಳೆದು ಊರು ಬಿಟ್ಟು ಹೋಗಿದ್ದಾನೆ, ಮಿಕ್ಕವರೆಲ್ಲ ಅದನ್ನು ಸರಿಪಡಿಸಲು ಹುಟ್ಟಿದವರು.

"ಮೇನ್ ಆಫ್ ಮಾಡ್ಲೇನಪ್ಪಾ?" ಎಂದು ಯಜಮಾನರು ಕೇಳುತ್ತಾರೆ.

"ಬ್ಯಾಡ ಬಿಡ್ರಿ, ಅಮ್ಮಾರು ಧಾರಾವಾಹಿ ನೋಡ್ತಿದ್ದಾರ."

ಮೈಯಲ್ಲಿ ರೋಮಾಂಚನವಾಗುವುದು ಯಜಮಾನರಿಗೆ. ಟೆಸ್ಟರಣ್ಣ 230 ವೋಲ್ಟಿನ ತಂತಿಯನ್ನು ದೇವರ ದಾರವೇನೋ ಎಂಬಂತೆ ಹಿಡಿದು, "ಇಪ್ಪತ್ ವರ್ಷ ಆತ್ರಿ, ನಂಗೂ ಕರೆಂಟಿಗೂ ಪರಿಚಯ ಐತಿ" ಎನ್ನುತ್ತಾನೆ. ಆ ಪರಿಚಯಕ್ಕೆ ಸಾಕ್ಷಿ ಟೆಸ್ಟರು. ತುದಿ ತೂತಿಗಿಟ್ಟು ತಲೆಗೆ ಬೆರಳು ಮುಟ್ಟಿಸಿದರೆ ಒಳಗಿನ ನಿಯಾನ್ ದೀಪ ಮಿಣಕ್ ಎನ್ನುತ್ತದೆ, ಇಲ್ಲಿ ಫೇಸ್ ಇದೆ ಎಂದು. ಪಾಪ, ಅದಕ್ಕೆ ಬರುವ ವಿದ್ಯೆ ಅಷ್ಟೇ. ಅರ್ಥ್ ಸರಿ ಇದೆಯೇ, ವೈರಿನ ಮೈ ಒಳಗೊಳಗೇ ಕರಗಿದೆಯೇ ಎನ್ನುವುದು ಅದಕ್ಕೆ ತಿಳಿಯದು. ಟೆಸ್ಟರಣ್ಣ ಮಾತ್ರ ಮದುವೆಯ ಜಾತಕ ಬಿಟ್ಟು ಉಳಿದದ್ದನ್ನೆಲ್ಲ ಅದರಲ್ಲೇ ನೋಡುತ್ತಾನೆ.

ಅವನ ಚಿಕಿತ್ಸೆಗಳಲ್ಲಿ ಸರ್ವರೋಗಕ್ಕೂ ಮದ್ದು ಎಂದರೆ 'ಡೈರೆಕ್ಟ್'. ಮಳೆಗಾಲದಲ್ಲಿ ಗೋಡೆ ತಂಪು ಹಿಡಿದಾಗ ಮೀಟರ್ ಪೆಟ್ಟಿಗೆಯ ಪಕ್ಕದ ಆರ್‌ಸಿಸಿಬಿ ಪದೇ ಪದೇ ಬೀಳತೊಡಗುತ್ತದೆ. ಮನೆಗಳಲ್ಲಿ ಹಾಕುವ ಈ ಸಾಧನ 30 ಮಿಲಿ ಆಂಪಿಯರ್ ಸೋರಿದರೆ ಬೀಳಬೇಕು, ಅದಕ್ಕೇ ಅದನ್ನು ಕೂರಿಸಿರುವುದು. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಕುಡಿಯುವುದಕ್ಕಿಂತಲೂ ಕಡಿಮೆ ಕರೆಂಟು ಅದು. ಅಷ್ಟು ಸೋರಿಕೆ ನೆನೆದ ಗೋಡೆಯ ಮೂಲಕವಾದರೂ ಆಗಬಹುದು, ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿದವರ ಮೈ ಮೂಲಕವಾದರೂ ಆಗಬಹುದು. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದಕ್ಕೆ ಅರ್ಧ ದಿನ ಬೇಕು. ಟೆಸ್ಟರಣ್ಣನಿಗೆ ಎರಡು ನಿಮಿಷ ಸಾಕು. "ಇದು ಸುಮ್ನೆ ಕಿರಿಕಿರಿ ಮಾಲ್ ರೀ, ಡೈರೆಕ್ಟ್ ಮಾಡೀನಿ, ಇನ್ ಬೀಳಂಗಿಲ್ಲ." ನಿಜ, ಇನ್ನು ಅದು ಬೀಳುವುದಿಲ್ಲ, ಬೀಳುವ ಸರದಿ ಮನೆಯವರದು.

ಎಂಸಿಬಿಯ ವಿಷಯದಲ್ಲಿ ಅವನು ಇನ್ನೂ ಉದಾರಿ. ಲೈಟಿನ ಲೈನಿಗೆ 6 ಆಂಪಿಯರ್‌ನದು ಇರುತ್ತದೆ, ಗೋಡೆಯೊಳಗೆ ಒಂದು ಸ್ಕ್ವೇರ್ ವೈರು. ಬಚ್ಚಲಿಗೆ ಹೊಸ ಗೀಸರ್ ಬರುತ್ತದೆ. ಎರಡು ಕಿಲೋವ್ಯಾಟಿನದಾದರೆ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ಅದಕ್ಕೆ ಬೋರ್ಡಿನಿಂದ ಬೇರೆಯೇ ದಪ್ಪ ವೈರು ಎಳೆಯಬೇಕು, ಎರಡೂವರೆ ಸ್ಕ್ವೇರಿನದೋ ನಾಲ್ಕರದೋ. ಗೋಡೆ ಒಡೆದರೆ ಬಣ್ಣ ಹೋಗುತ್ತದೆಂದು ಮನೆಯವರ ಕೊರಗು. "ಆಗ್ತದ್ ಬಿಡ್ರಿ ಸಾರ್" ಎಂದು ಟೆಸ್ಟರಣ್ಣ ಹತ್ತಿರದ ಲೈಟಿನ ಪಾಯಿಂಟಿನಿಂದಲೇ ಕೊಂಡಿ ಹಾಕುತ್ತಾನೆ. ಎಂಸಿಬಿ ಬೀಳುತ್ತದೆ. ಅದನ್ನು ಕಿತ್ತು 32ರದ್ದು ಕೂರಿಸುತ್ತಾನೆ. ಇನ್ನು ಎಂಸಿಬಿ ಅಲುಗುವುದಿಲ್ಲ. ಗೋಡೆಯೊಳಗಿನ ವೈರೇ ಫ್ಯೂಸಿನ ಕೆಲಸ ವಹಿಸಿಕೊಳ್ಳುತ್ತದೆ. ಅವನ ಗುರು ಹಳೇ ಪಿಂಗಾಣಿ ಫ್ಯೂಸಿಗೆ ತಾಮ್ರದ ಮೂರು ಎಳೆ ಹೊಸೆದು ಸುತ್ತುತ್ತಿದ್ದ. ಕಾಲ ಬದಲಾದರೂ ಘರಾಣೆ ಒಂದೇ.

ಇನ್ನು ಅರ್ಥ್. ಇದರಲ್ಲಿ ತಪ್ಪು ಟೆಸ್ಟರಣ್ಣನದಷ್ಟೇ ಅಲ್ಲ ಎಂದು ಹೇಳದಿದ್ದರೆ ಅನ್ಯಾಯವಾಗುತ್ತದೆ, ಯಾಕೆಂದರೆ ಇಲ್ಲಿ ಎರಡನೆಯ ಪಾತ್ರ ಪ್ರವೇಶಿಸುತ್ತದೆ: ಮನೆ ಕಟ್ಟಿಸುವ ಸಾಹುಕಾರ. ಹಾಲ್‌ಗೆ ಫಾಲ್ಸ್ ಸೀಲಿಂಗು, ಅದರ ಸುತ್ತ ಬಣ್ಣ ಬದಲಾಯಿಸುವ ಪಟ್ಟಿ ದೀಪ, ದೇವರ ಮನೆಯ ಹಿಂದೆ 'ಓಂ' ಬೆಳಗುವ ಅಕ್ರಿಲಿಕ್ಕು, ಇವಕ್ಕೆಲ್ಲ ಕೈ ತೆರೆದ ಮನುಷ್ಯ ವೈರಿಂಗ್ ಮಾತಿಗೆ ಬಂದಾಗ ಕೂಲಿ ಪಾಯಿಂಟಿಗೆ ಎಷ್ಟು, ಚದರಕ್ಕೆ ಎಷ್ಟು ಎಂದು ಮಂಡಿಪೇಟೆಯಲ್ಲಿ ಮೆಣಸಿನಕಾಯಿ ಚೌಕಾಸಿ ಮಾಡಿದಂತೆ ಕೂರುತ್ತಾನೆ. ಅರ್ಥಿಂಗಿಗೆ ಗುಂಡಿ ತೋಡಬೇಕು, ಎರಡೂವರೆ ಮೀಟರಿನ ಜಿಐ ಪೈಪು ಇಳಿಸಬೇಕು, ಸುತ್ತ ಇದ್ದಲು ಉಪ್ಪು ಪದರ ಪದರವಾಗಿ ತುಂಬಬೇಕು ಎಂದರೆ, "ಮಣ್ಣಾಗ್ ಹೂಳಾಕೆ ಅಷ್ಟ್ ರೊಕ್ಕನಾ?" ಎನ್ನುತ್ತಾನೆ. ಗೃಹಪ್ರವೇಶಕ್ಕೆ ಬಂದವರು ದೀಪ ನೋಡುತ್ತಾರೆ, ಗುಂಡಿ ನೋಡುತ್ತಾರೆಯೇ? ಹೇಗೋ ತೋಡಿಸಿದ ಗುಂಡಿಯ ಮೇಲೂ ಆಮೇಲೆ ಕಾರು ನಿಲ್ಲಿಸಲು ಟೈಲ್ಸ್ ಬೀಳುತ್ತದೆ. ಏಪ್ರಿಲಿನಲ್ಲಿ ನಮ್ಮ ಎರೆ ನೆಲ ಬಾಯಿ ಬಿಟ್ಟಾಗ ಅದಕ್ಕೆ ನಾಲ್ಕು ಕೊಡ ನೀರು ಹೊಯ್ಯೋಣವೆಂದರೆ ಅದು ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

ಕೆಲವು ಕಡೆ ಗುಂಡಿಯ ತಂಟೆಯೇ ಇಲ್ಲ. "ನ್ಯೂಟ್ರಲ್ಲೂ ಅರ್ಥೂ ಎರಡೂ ಒಂದೇ ರೀ" ಎಂಬ ಅದ್ವೈತವನ್ನು ಬೋಧಿಸಿ, ಸಾಕೆಟ್ಟಿನ ಹಿಂದೆ ಕಪ್ಪು ವೈರಿನಿಂದ ಹಸಿರು ತಿರುಪಿಗೆ ಒಂದು ತುಂಡು ಕೊಂಡಿ ಹಾಕಿಬಿಡುತ್ತಾನೆ. ಬೋರ್ಡಿನ ತನಕ ಎಲ್ಲಾದರೂ ಆ ಕಪ್ಪು ವೈರು ಕಡಿದರೆ ಫ್ರಿಜ್ಜಿನ ಮೈಗೇ ಫೇಸ್ ಬಂದು ನಿಲ್ಲುತ್ತದೆ. ಮೂರು ಪಿನ್ನಿನಲ್ಲಿ ಮೇಲಿನ ಪಿನ್ನನ್ನು ಉದ್ದ ಮಾಡಿರುವುದು ಚಂದಕ್ಕಲ್ಲ, ಮಿಕ್ಕೆರಡಕ್ಕಿಂತ ಮೊದಲು ಅರ್ಥ್ ತಾಗಲಿ ಎಂದು. ಅದನ್ನು ಕತ್ತರಿಸಿ ಎರಡು ತೂತಿಗೆ ತುರುಕುವ ಮಹನೀಯರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ ಎಲೆಕ್ಟ್ರಿಷಿಯನ್ನೇ ಬೇಡ.

ದೀಪ ಮಂಕಾಗಿ ಉರಿಯುವ ರೋಗ ಟೆಸ್ಟರಣ್ಣನ ಕೈಗೆ ಹತ್ತದಿದ್ದಾಗ ಕೊನೆಯ ಅಸ್ತ್ರ ಹೊರಬರುತ್ತದೆ: "ಇದು ಕೆಇಬಿಯೋರ್ದ್ ಪ್ರಾಬ್ಲಂ ರೀ." ಬೆಸ್ಕಾಂ ಹುಟ್ಟಿದ್ದು 2002ರಲ್ಲಿ, ಅವನಿಗೆ ಇನ್ನೂ ಕೆಇಬಿಯೇ. ಮೀಟರಿನವರೆಗಿನದು ಅವರ ಹೊಣೆ, ಮೀಟರ್ ದಾಟಿದ ಮೇಲೆ ನಮ್ಮದು. 1912ಕ್ಕೆ ಫೋನ್ ಮಾಡಿದರೆ ಬರುವ ಲೈನ್‌ಮ್ಯಾನ್ ಕಂಬದಿಂದ ಮೀಟರಿನವರೆಗೆ ನೋಡಿ, "ಒಳಗಿಂದು ನೋಡ್ಸ್ರಿ" ಎಂದು ಹೋಗುತ್ತಾನೆ. ಬಹಳ ಸಲ ಅವನ ಮಾತೇ ಖರೆ.

ಹರಿಹರದ ಕಡೆ ಇನ್ನೊಂದು ತಳಿ ಇದೆ, ಅಪರೂಪದ್ದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ಮಾಡುತ್ತಿದ್ದ ಕಾಲದಲ್ಲಿ ಕಾರ್ಖಾನೆಗಳ ಮೇಂಟೆನೆನ್ಸ್ ವಿಭಾಗದಲ್ಲಿ ಕೈ ಪಳಗಿಸಿಕೊಂಡ ಹಿರಿಯರು. ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದರೂ ಶಿಸ್ತು ಹೋಗಿಲ್ಲ. ಹೇಳಿದ ಹೊತ್ತಿಗೆ ಬರುತ್ತಾರೆ, ಇದೇ ಮೊದಲ ಅನುಮಾನಕ್ಕೆ ಕಾರಣ. ಬಂದವರೇ ಮೇನ್ ಆಫ್ ಮಾಡುತ್ತಾರೆ, ಧಾರಾವಾಹಿ ನಿಲ್ಲುತ್ತದೆ, ಮನೆಯಾಕೆಯ ಮುಖ ಸಣ್ಣದಾಗುತ್ತದೆ. ಚೀಲದಿಂದ ಮೆಗ್ಗರ್ ತೆಗೆದು ವೈರಿನ ಇನ್ಸುಲೇಷನ್ ಅಳೆಯುತ್ತಾರೆ. ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದರೆ ತಲೆ ಆಡಿಸಿ, ಹಳೇ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಐಎಸ್‌ಐ ಮಾರ್ಕಿನ ವೈರು ಇಷ್ಟು ಕಾಯಿಲ್, ಆರ್‌ಸಿಸಿಬಿ ಒಂದು ಎಂದು ಬರೆದು ಕೊಡುತ್ತಾರೆ. "ಆ ಲೈನ್ ಮ್ಯಾಲೆ ಗೀಸರ್ ಆಗಂಗಿಲ್ಲ. ಬ್ಯಾರೆ ಎಳೀಬೇಕು." ಇಷ್ಟೇ ಮಾತು. ಹಿಂದಿನವನನ್ನು ಬೈಯುವುದೂ ಇಲ್ಲ.

ಇಂಥವರನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಗೀಸರ್ ಕೂರಿಸಲು ಬಂದು ಗೋಡೆ ಒಡೆಯಿರಿ ಎಂದವನು ಎಂಥ ಎಲೆಕ್ಟ್ರಿಷಿಯನ್? ಯಜಮಾನರು ಚಹಾ ಕುಡಿಸಿ ಬೀಳ್ಕೊಟ್ಟು, ಒಳಗೆ ಹೋಗಿ ಟೆಸ್ಟರಣ್ಣನ ನಂಬರು ಒತ್ತುತ್ತಾರೆ. ಅವನಿಗೂ ಇದು ಗೊತ್ತು. ಒಮ್ಮೆ ಮನಸ್ಸು ಬಿಚ್ಚಿದಾಗ ಹೇಳಿದ: "ನಂಗೂ ಬರ್ತದ್ರೀ ಸರಿ ಕೆಲಸ. ಆಗಂಗಿಲ್ಲ ಅಂದ್ರ ಮುಂದಿನ್ ಓಣಿಯೋನ್ನ ಕರೀತಾರ. ಅವ್ನು ಆಗ್ತದ ಅಂತಾನ." ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ, ನಿಮ್ಮ ಹತ್ತಿರವೂ ಇರಲಾರದು.

ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇದೆ ಅನ್ನಿ. ವಿದ್ಯುತ್ ಪರಿವೀಕ್ಷಣಾಲಯ ಗುತ್ತಿಗೆದಾರರಿಗೆ ಲೈಸೆನ್ಸು, ವೈರ್‌ಮ್ಯಾನ್‌ಗಳಿಗೆ ಪರ್ಮಿಟ್ಟು ಕೊಡುತ್ತದೆ. ಕೆಲವು ಮನೆಗಳಲ್ಲಿ ಸಹಿ ಒಬ್ಬರದು, ಸುತ್ತಿಗೆ ಇನ್ನೊಬ್ಬರದು. ಕೆಲಸ ಒಪ್ಪಿಸುವ ಮೊದಲು "ಪರ್ಮಿಟ್ ತೋರಿಸಪ್ಪಾ" ಎಂದು ಕೇಳಲು ನಮಗೆ ಸಂಕೋಚ. ಬಸ್ಸಿನಲ್ಲಿ ಚಿಲ್ಲರೆ ಎರಡು ರೂಪಾಯಿಗೆ ಕಂಡಕ್ಟರನ ಬೆನ್ನು ಹತ್ತಲು ಆ ಸಂಕೋಚವಿಲ್ಲ.

ಓದುಗರೇ, ಈ ಪುಟ ಮಡಚಿಟ್ಟು ಮೀಟರ್ ಪೆಟ್ಟಿಗೆಯ ಹತ್ತಿರ ಹೋಗಿ. ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ, ಒತ್ತಿ. ಕಟಕ್ಕೆಂದು ಬಿದ್ದು ಮನೆ ಕತ್ತಲಾದರೆ ಒಳ್ಳೆಯದು, ಮತ್ತೆ ಮೇಲೆತ್ತಿ, ತಿಂಗಳಿಗೊಮ್ಮೆ ಹೀಗೇ ಮಾಡಿ. ಒತ್ತಿದರೂ ಬೀಳದಿದ್ದರೆ ಅದು ಕೆಟ್ಟಿದೆ, ಇಲ್ಲವೇ ಯಾರೋ ಡೈರೆಕ್ಟ್ ಮಾಡಿದ್ದಾರೆ. ಪರ್ಮಿಟ್ ಇದ್ದವರನ್ನು ಕರೆಸಿ ಇದೇ ವಾರ ಸರಿಮಾಡಿಸಿ.