ಗಡಿಯ ಹತ್ತು ಬೆರಳುಗಳಿಂದ ರಾಜಧಾನಿಗೆ

ಗೆ,
ಮಾನ್ಯ ಹೈಪೊಥಲಾಮಸ್ ಅವರು,
ಉಷ್ಣ ನಿಯಂತ್ರಣ ಇಲಾಖೆ, ತಲೆಬುರುಡೆ.

ವಿಷಯ: ಚಳಿಗಾಲದ ಬೈಕ್ ಸವಾರಿಯ ವೇಳೆ ಬೆರಳುಗಳ ರಕ್ತದ ಅನುದಾನ ಕಡಿತ ಮಾಡುತ್ತಿರುವ ಬಗ್ಗೆ.
ಉಲ್ಲೇಖ: ಕಳೆದ ಚಳಿಗಾಲದಲ್ಲಿ ಜೋಮಿನ ಮೂಲಕ ಸಲ್ಲಿಸಿದ ಮನವಿ (ಉತ್ತರ ಬಂದಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಾವು ಬೀದರಿನ ಪತ್ರಿಕಾ ವಿತರಕರೊಬ್ಬರ ಹತ್ತು ಬೆರಳುಗಳು. ನಮ್ಮ ಯಜಮಾನರು ಬೆಳಗಿನ ಜಾವ ಎದ್ದು, ಪತ್ರಿಕೆಗಳ ಕಟ್ಟು ಬಿಚ್ಚಿ, ಪುರವಣಿ ಸೇರಿಸಿ, ನೂರು ಸಿಸಿ ಗಾಡಿಗೆ ಹೇರಿಕೊಂಡು ಔರಾದ್ ರಸ್ತೆ ಹಿಡಿಯುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಪಾದರಸ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಹೊಸ ಸಂಗತಿಯಲ್ಲ. ಅದು ಸುದ್ದಿಯಾಗಿ ಅಚ್ಚಾಗುತ್ತದೆ, ಆ ಸುದ್ದಿಯನ್ನು ಅದೇ ಥಂಡಿಯಲ್ಲಿ ಮನೆಮನೆಗೆ ಮುಟ್ಟಿಸುವವರು ನಾವು.

ಬೀದರಿಗೂ ಬೆಂಗಳೂರಿಗೂ ಸುಮಾರು 700 ಕಿಲೋಮೀಟರ್. ಅಷ್ಟು ದೂರದ ರಾಜಧಾನಿಗೆ ಗಡಿ ಜಿಲ್ಲೆಯ ಥಂಡಿ ತಾಕದಿದ್ದರೆ ಅದಕ್ಕೊಂದು ನೆಪವಾದರೂ ಇದೆ. ನಮಗೂ ಹೃದಯಕ್ಕೂ ನಡುವೆ ಇರುವುದು ಒಂದು ತೋಳಿನ ಅಂತರ. ತಮಗೆ ಯಾವ ನೆಪ?

ಥಂಡಿ ತಾಕಿತೆಂದರೆ ತಾವು ಹೊರಡಿಸುವ ಆದೇಶ ನಮಗೆ ಬಾಯಿಪಾಠ. ಬೆರಳಿನ ರಕ್ತನಾಳಗಳನ್ನು ಕುಗ್ಗಿಸುವುದು. ಉಳಿತಾಯವಾದ ಬಿಸಿ ರಕ್ತವನ್ನು ಎದೆ, ಹೊಟ್ಟೆ, ಮೆದುಳಿಗೆ ಕಾಯ್ದಿರಿಸುವುದು. ರಾಜಧಾನಿಯ 37 ಡಿಗ್ರಿಗೆ ಯಾವ ಕಾರಣಕ್ಕೂ ಧಕ್ಕೆಯಾಗಕೂಡದು. ಇಡೀ ದೇಹದ ಹಿತಕ್ಕಾಗಿ ಅಂಚಿನವರು ತ್ಯಾಗ ಮಾಡಬೇಕಂತೆ. ಮಾಡೋಣ. ಆದರೆ ಪ್ರತಿ ವರ್ಷವೂ ಅಂಚಿನವರು ನಾವೇ ಆಗಿರುತ್ತೇವೆ ಎಂಬುದನ್ನು ಕಡತದಲ್ಲಿ ದಾಖಲಿಸಬೇಕಾಗಿ ವಿನಂತಿ.

ಸ್ವಂತ ದುಡಿಮೆಯಿಂದ ಬೆಚ್ಚಗಾಗೋಣ ಎಂದರೆ ನಮ್ಮಲ್ಲಿ ಒಂದು ಕೈಗಾರಿಕೆಯೂ ಇಲ್ಲ. ಬಿಸಿ ಉತ್ಪಾದಿಸುವುದು ಸ್ನಾಯು. ಆ ಕಾರ್ಖಾನೆಗಳನ್ನೆಲ್ಲ ತೊಡೆಯಲ್ಲಿ, ಎದೆಯಲ್ಲಿ, ಬೆನ್ನಲ್ಲಿ ಸ್ಥಾಪಿಸಲಾಗಿದೆ. ನಮ್ಮನ್ನು ಮಡಚುವ, ಬಿಚ್ಚುವ ಸ್ನಾಯುಗಳು ಸಹ ಮುಂಗೈಯಲ್ಲಿ, ಅಂಗೈಯಲ್ಲಿ ಕೂತು ಅಲ್ಲಿಂದಲೇ ದಾರ ಎಳೆಯುತ್ತವೆ. ನಮ್ಮ ಪಾಲಿಗೆ ಬಂದದ್ದು ಮೂಳೆ, ದಾರ, ಚರ್ಮ. ಮೈತುಂಬ ಗಡಿರೇಖೆ, ಒಳನಾಡು ಎಂಬುದೇ ಇಲ್ಲ. ಇರುವಷ್ಟು ಬಿಸಿಯೂ ನಾಲ್ಕೂ ಕಡೆಯಿಂದ ಸೋರಿಹೋಗುತ್ತದೆ.

ಇನ್ನು ಗಾಳಿ. ಹಿಡಿಕೆ ಹಿಡಿದಾಗ ನಮ್ಮ ಬೆನ್ನು ನೇರ ಗಾಳಿಗೆ, ಹೊಟ್ಟೆ ಹೇಗೋ ರಬ್ಬರಿಗೆ. ಕ್ಲಚ್ ಮತ್ತು ಬ್ರೇಕಿನ ಕಾವಲಿಗೆ ನಿಂತವರಿಗೆ ಆ ಭಾಗ್ಯವೂ ಇಲ್ಲ, ತಣ್ಣನೆಯ ಅಲ್ಯೂಮಿನಿಯಂ ಕಡ್ಡಿಯೇ ಗತಿ. ಅಮೆರಿಕ, ಕೆನಡಾಗಳು 2001ರಲ್ಲಿ ಜಾರಿಗೆ ತಂದ ಗಾಳಿಚಳಿಯ ಸೂತ್ರದಿಂದ ಲೆಕ್ಕ ಹಾಕಿಸಿದೆವು. ಹತ್ತು ಡಿಗ್ರಿ ಥಂಡಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಅದು ಐದು ಡಿಗ್ರಿಯಂತೆ ಕೊರೆಯುತ್ತದೆ. ಐದು ಡಿಗ್ರಿಯಿದ್ದರೆ ಸೊನ್ನೆಗೂ ಕೆಳಗೆ. ಆ ಸೂತ್ರವನ್ನಾದರೂ ಕಟ್ಟಿದ್ದು ಮುಖವನ್ನು ಆಧಾರವಾಗಿಟ್ಟುಕೊಂಡು. ಬೆರಳುಗಳನ್ನು ಯಾವ ಸಮಿತಿಯೂ ಕರೆದು ಕೇಳಿದಂತಿಲ್ಲ.

ತಾವು ನಮ್ಮನ್ನು ಪೂರ್ತಿ ಮರೆತಿದ್ದೀರಿ ಎಂದರೆ ನಾಲಿಗೆಗೆ ಪಾಪ ತಟ್ಟೀತು. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲೇ ಬರೆದಿಟ್ಟಿದ್ದಾರೆ: ಬೆರಳನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟರೆ ಕೆಲವು ನಿಮಿಷ ನಾಳಗಳು ಮುಚ್ಚಿರುತ್ತವೆ, ಆಮೇಲೆ ಇದ್ದಕ್ಕಿದ್ದಂತೆ ತೆರೆದು ಬಿಸಿ ರಕ್ತ ಧಾವಿಸುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮುಚ್ಚುತ್ತವೆ. ನಮ್ಮ ಕಡೆ ಇದಕ್ಕೆ ಚಳಿಗಾಲದ ಅಧಿವೇಶನ ಎನ್ನುತ್ತಾರೆ. ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುವವರ ಹಾಗೆಯೇ ರಕ್ತ ಸಕಲ ಮರ್ಯಾದೆಗಳೊಂದಿಗೆ ಬರುತ್ತದೆ. ನಾವು ಕೆಂಪಾಗುತ್ತೇವೆ, ಚುರುಗುಡುತ್ತೇವೆ, ನಮ್ಮ ಸಮಸ್ಯೆ ಚರ್ಚೆಗೆ ಬಂತು ಎಂದು ಹಿಗ್ಗುತ್ತೇವೆ. ಅಷ್ಟರಲ್ಲಿ ಕಲಾಪ ಮುಂದೂಡಲ್ಪಡುತ್ತದೆ.

ಅನುದಾನ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ನಮ್ಮ ಯಜಮಾನರು ಸ್ಥಳೀಯ ಯೋಜನೆಗಳಿಗೆ ಕೈಹಾಕಿದರು. ಉಣ್ಣೆಯ ಗ್ಲೌಸ್ ತಂದರು. ಗಾಳಿ ಅದರ ಕಣ್ಣುಗಳಿಂದ ನುಗ್ಗಿ ಆರಾಮವಾಗಿ ಓಡಾಡಿತು. ಅದರ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿದ ದಿನ ಮಾತ್ರ ಸ್ವಲ್ಪ ನ್ಯಾಯ ಸಿಕ್ಕಿತು, ಅದೂ ಬೆವರಿನಿಂದ ಒಳಗೆ ಒದ್ದೆಯಾಗುವವರೆಗೆ. ಬಿಗಿಯಾದ ಚರ್ಮದ ಗ್ಲೌಸ್ ತಂದಾಗ ಬರುತ್ತಿದ್ದ ಹನಿ ರಕ್ತಕ್ಕೂ ಚೆಕ್‌ಪೋಸ್ಟ್ ಬಿತ್ತು. ಗಾಡಿ ನಿಲ್ಲಿಸಿ ಎಂಜಿನ್ನಿಗೆ ಕೈಯೊಡ್ಡುವುದು ಇಲ್ಲಿನ ಜನಪ್ರಿಯ ‘ಬಿಸಿ ಭಾಗ್ಯ’. ಮರಗಟ್ಟಿದ ಬೆರಳಿಗೆ ಸುಟ್ಟದ್ದು ಗೊತ್ತಾಗುವುದು ಗುಳ್ಳೆ ಎದ್ದ ಮೇಲೆಯೇ ಎಂಬುದು ಆ ಯೋಜನೆಯ ಸಣ್ಣಕ್ಷರದ ಷರತ್ತು. ದಿಲ್ಲಿಯ ಕಡೆ ಹ್ಯಾಂಡಲ್ಲಿಗೇ ಚೀಲದಂಥ ದಪ್ಪ ಕವರ್ ತೊಡಿಸಿ ಅದರೊಳಗೆ ಕೈ ತೂರಿಸಿ ಓಡಿಸುತ್ತಾರೆ. ನೋಡಲು ಚೆಂದವಿಲ್ಲ, ಆದರೆ ಗಾಳಿಯನ್ನು ಹಿಡಿಕೆಯ ಹತ್ತಿರವೇ ಬಿಡುವುದಿಲ್ಲ. ನಮ್ಮೂರಿನಲ್ಲಿ ಚೆಂದದ ವಿಚಾರದಲ್ಲಿ ರಾಜಿಯಿಲ್ಲ.

ಚಹಾದಂಗಡಿಯ ತಜ್ಞರು ಎರಡು ಸಲಹೆ ಕೊಟ್ಟಿದ್ದಾರೆ. ಒಂದು, ಬೀಡಿ. ಅದರ ನಿಕೋಟಿನ್ ನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ, ಅಂದರೆ ಆ ತಜ್ಞರು ತಮ್ಮದೇ ಇಲಾಖೆಯ ಏಜೆಂಟರು. ಇನ್ನೊಂದು, ಹೊರಡುವ ಮುನ್ನ ಒಂದು ಪೆಗ್. ಇದು ಚುನಾವಣೆ ಕಾಲದ ಹಂಚಿಕೆ. ಚರ್ಮದ ಬಾಗಿಲುಗಳೆಲ್ಲ ತೆರೆದು ಬಿಸಿ ಬೀದಿಗೆ ಹರಿಯುತ್ತದೆ, ಎಲ್ಲರೂ ಖುಷ್, ಒಳಗೆ ಖಜಾನೆ ಬರಿದು. ಅದರ ಜತೆಗೆ ಸವಾರರೇ ರಸ್ತೆಯಲ್ಲಿ ಉಳಿಯುವ ಖಾತ್ರಿಯಿಲ್ಲ.

ಹೊರಗಿನ ಸರ್ಕಾರವೂ ನಮ್ಮನ್ನು ಕಂಡಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮ ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ತಡೆ ಇರಬೇಕೆನ್ನುತ್ತದೆ. ಸೀರೆಯ ಸೆರಗಿಗೆ ಸಿಕ್ಕ ಶಾಸನದ ರಕ್ಷಣೆ ನಮಗಿಲ್ಲ. 2017ರ ಏಪ್ರಿಲಿನಿಂದ ಹೊಸ ಗಾಡಿಗಳ ಹೆಡ್‌ಲೈಟು ನಡುಹಗಲಲ್ಲೂ ಉರಿಯುತ್ತಿದೆ. ಸೂರ್ಯನಿಗೆ ದಾರಿ ತೋರಿಸುವಷ್ಟು ಕರೆಂಟು ಗಾಡಿಯಲ್ಲಿದೆ, ಹಿಡಿಕೆಯೊಳಗೆ ಒಂದು ಬಿಸಿ ತಂತಿ ಮಾತ್ರ ದುಬಾರಿ ಗಾಡಿಯವರ ಸೊತ್ತು.

ಇದೆಲ್ಲ ಸುಖದ ಬೇಡಿಕೆ ಎಂದು ತಾವು ಕಡತ ಮುಚ್ಚಬಾರದು. ಬೆರಳಿನ ಚರ್ಮ 15 ಡಿಗ್ರಿಗಿಂತ ತಣ್ಣಗಾದರೆ ಕೈಚಳಕ ಕುಸಿಯುತ್ತದೆ. 60ರ ವೇಗದ ಗಾಡಿ ಅರ್ಧ ಸೆಕೆಂಡಿನಲ್ಲಿ ಎಂಟು ಮೀಟರ್ ಮುಂದೆ ಹೋಗಿರುತ್ತದೆ. ಮಂಜಿನಲ್ಲಿ ಎದುರಿಗೆ ಎಮ್ಮೆ ನಿಂತಾಗ ತಾವು ಕಳುಹಿಸುವ ‘ಬ್ರೇಕ್ ಹಿಡಿ’ ಎಂಬ ತುರ್ತು ತಂತಿಯನ್ನು ಜಾರಿ ಮಾಡಬೇಕಾದವರು ಇದೇ ಅನುದಾನವಿಲ್ಲದ ಸಿಬ್ಬಂದಿ. ಆಗ ಬೀಳುವುದು ಬೆರಳು ಮಾತ್ರವಲ್ಲ, ರಾಜಧಾನಿಯೂ ಜತೆಗೇ ಬೀಳುತ್ತದೆ.

ಕೊನೆಗೆ ನಮಗೆ ಬಿಸಿ ಬಂದದ್ದು ಹೇಗೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ. ಒಂದು ದಿನ ಯಜಮಾನರು ಮಾರಾಟವಾಗದೆ ಉಳಿದ ಹಳೆಯ ಪತ್ರಿಕೆಗಳನ್ನು ಅಂಗಿಗೂ ಜಾಕೆಟ್ಟಿಗೂ ನಡುವೆ ಎದೆಗೆ ಹಾಸಿಕೊಂಡರು. ಕುತ್ತಿಗೆಗೆ ಮಫ್ಲರ್ ಬಿಗಿದರು, ಮಣಿಕಟ್ಟಿನ ಸಂದಿ ಮುಚ್ಚಿದರು. ನಮಗಾಗಿ ಏನನ್ನೂ ಮಾಡಲಿಲ್ಲ. ಆದರೂ ಮಾಂಜ್ರಾ ಸೇತುವೆ ದಾಟುವ ಹೊತ್ತಿಗೆ ನಮ್ಮಲ್ಲಿ ಜೀವ ಆಡಿತು! ಮುಂಡಕ್ಕೆ ಸಾಕಷ್ಟು ಕಾವು ಕೊಟ್ಟರೆ ಬರಿಗೈಯ ಬೆರಳೂ ಬೆಚ್ಚಗಾಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡದ್ದೇ. ಅಂದರೆ ಗಡಿಗೆ ಒಂದು ಪಾಲು ಬರಬೇಕಾದರೆ ಮೊದಲು ರಾಜಧಾನಿಗೆ ಇನ್ನೊಂದು ಕಂಬಳಿ ಹೊದಿಸಬೇಕು. ಅದಕ್ಕೆ ಸೆಕೆಯಾಗಿ ಬೇಡವೆಂದು ತಳ್ಳಿದ್ದು ನಮಗೆ. ಇದನ್ನು ಅಭಿವೃದ್ಧಿ ಎಂದು ಕರೆಯುವುದಾದರೆ ನಮ್ಮ ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇವೆ.

ಇಂತಿ ತಮ್ಮ ವಿಧೇಯರು,
ಎಡಗೈ ಐವರು, ಬಲಗೈ ಐವರು
(ಸಹಿ ಹಾಕಲು ಬಿಸಿಲೇರುವವರೆಗೆ ಕಾಲಾವಕಾಶ ಕೋರಿದ್ದೇವೆ)

ಪ್ರತಿ: ಪತ್ರಿಕೆ ಹತ್ತು ನಿಮಿಷ ತಡವಾದರೆ ಹಾಸಿಗೆಯಿಂದಲೇ ಫೋನ್ ಮಾಡುವ ಮಾನ್ಯ ಚಂದಾದಾರರಿಗೆ. ಈ ಸಲ ನಿಮ್ಮ ಮನೆಗೆ ಪತ್ರಿಕೆ ಹಾಕುವವರಿಗೆ ಗಾಳಿ ತಡೆಯುವ ಗ್ಲೌಸ್ ಒಂದು ಜೊತೆ ಕೊಡಿಸಿ. ಒಂದು ಸೈಜ್ ದೊಡ್ಡದೇ ಇರಲಿ.