ಬುಟ್ಟಿಯೂ ಪಟ್ಟಿಯೂ

ಜನವರಿ ಒಂದನೆಯ ತಾರೀಖು ನಾವೆಲ್ಲ ಹಿಂದಿನ ರಾತ್ರಿ ಉಳಿದ ಕೇಕನ್ನು ಫ್ರಿಜ್ಜಿನಿಂದ ತೆಗೆದು ತಿನ್ನುತ್ತ, ಈ ವರ್ಷವಾದರೂ ಬೆಳಿಗ್ಗೆ ಐದಕ್ಕೆ ಏಳಬೇಕು ಎಂದು ಬೆಳಿಗ್ಗೆ ಹತ್ತಕ್ಕೆ ತೀರ್ಮಾನಿಸುವ ಹೊತ್ತಿನಲ್ಲಿ, ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಏಕಕಾಲಕ್ಕೆ ಒಂದು ವಿಚಿತ್ರ ಕೆಲಸ ನಡೆಯುತ್ತಿರುತ್ತದೆ. ನಮ್ಮ ಅಣುಸ್ಥಾವರಗಳು ಎಲ್ಲೆಲ್ಲಿವೆ ಎಂದು ಅಕ್ಷಾಂಶ ರೇಖಾಂಶ ಸಮೇತ ಬರೆದು ನಾವು ಪಾಕಿಸ್ತಾನಕ್ಕೆ ಕೊಡುತ್ತೇವೆ. ಅವರದನ್ನು ಅವರು ನಮಗೆ ಕೊಡುತ್ತಾರೆ. ಒಬ್ಬರ ಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದೆಂದು ಒಪ್ಪಂದವಾಗಿದೆ. ಎಲ್ಲಿಗೆ ಹೊಡೆಯಬಾರದು ಎಂಬುದು ತಿಳಿಯಬೇಕಾದರೆ ಅದು ಎಲ್ಲಿದೆ ಎಂಬುದು ತಿಳಿದಿರಬೇಕಲ್ಲ! ಶತ್ರುವನ್ನು ಇಷ್ಟರ ಮಟ್ಟಿಗೆ ನಂಬುವ ಧೈರ್ಯ ನನ್ನ ಗೃಹಸಾಲದ ಬ್ಯಾಂಕಿಗೆ ನನ್ನ ಮೇಲೂ ಇಲ್ಲ.

1992ರ ಜನವರಿ 1ರಂದು ಶುರುವಾದ ಈ ಪದ್ಧತಿ ನಿಂತಿಲ್ಲ. ನಡುವೆ ಕಾರ್ಗಿಲ್ ಆಯಿತು, ಸಂಸತ್ತಿನ ಮೇಲೆ ದಾಳಿಯಾಯಿತು, ಮುಂಬಯಿ ದಾಳಿಯ ಆ ಮೂರು ರಾತ್ರಿಗಳು ಬಂದವು, ಪುಲ್ವಾಮಾ, ಬಾಲಾಕೋಟ್ ಆದವು. ಪಟ್ಟಿ ಮಾತ್ರ ವರ್ಷ ವರ್ಷವೂ ಹೋಯಿತು, ಬಂತು. ಇದರಲ್ಲಿ ನನಗೆ ತಮಾಷೆಯಾಗಿ ಕಾಣುವುದು, ಪಟ್ಟಿಯನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ ಎಂಬುದು. ವಿದ್ಯುತ್ ರಿಯಾಕ್ಟರುಗಳೆಲ್ಲ ಒಪ್ಪಂದದ ವ್ಯಾಪ್ತಿಯಲ್ಲಿರುವುದರಿಂದ ಕಾಳಿ ನದಿಯ ದಂಡೆಯ ನಮ್ಮ ಕೈಗಾ ಅದರಲ್ಲಿ ಇದ್ದೇ ಇರಬೇಕು. ಆದರೆ ಕಾರವಾರದ ಮನುಷ್ಯ ಆ ಕಾಗದವನ್ನು ನೋಡಲಾರ, ಇಸ್ಲಾಮಾಬಾದಿನ ಗುಮಾಸ್ತ ನೋಡಬಲ್ಲ. ಆ ಗುಮಾಸ್ತನನ್ನು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ‘ಕೈಗಾ’ ಎಂಬ ಹೆಸರನ್ನು ಉರ್ದುವಿನಲ್ಲಿ ಬರೆದುಕೊಂಡು, ಕಳೆದ ವರ್ಷದ ಪಟ್ಟಿಯೊಂದಿಗೆ ತಾಳೆ ನೋಡಿ, ಕಡತಕ್ಕೆ ದಾರ ಕಟ್ಟಿ, ಚಹಾಕ್ಕೆ ಎದ್ದು ಹೋಗುತ್ತಾನೆ. ಪಶ್ಚಿಮ ಘಟ್ಟದ ಆ ಕಾಡು, ಮಳೆ, ಜಿಗಣೆ ಯಾವುದೂ ಅವನಿಗೆ ಗೊತ್ತಿರಲಿಕ್ಕಿಲ್ಲ.

ನೆರೆಹೊರೆಯ ದೇಶಗಳ ಸಂಬಂಧ ಎಂದೊಡನೆ ಪತ್ರಿಕೆಗಳಿಗೆ ಇಂಥ ಪಟ್ಟಿಗಳು ನೆನಪಾಗುವುದಿಲ್ಲ. ನೆನಪಾಗುವುದು ಬುಟ್ಟಿ. ಅದರಲ್ಲೂ ಮಾವಿನಹಣ್ಣಿನ ಬುಟ್ಟಿ. ಫೋಟೋಕ್ಕೂ ಚೆನ್ನಾಗಿರುತ್ತದೆ, ತಲೆಬರಹಕ್ಕೂ ‘ಸಿಹಿ’ ಎಂಬ ಪದ ಪುಕ್ಕಟೆ ಸಿಗುತ್ತದೆ.

ಮಾವಿನ ರಾಜತಾಂತ್ರಿಕತೆಯಲ್ಲಿ ಪಾಕಿಸ್ತಾನದವರನ್ನು ಮೀರಿಸಿದವರಿಲ್ಲ. 1968ರ ಆಗಸ್ಟಿನಲ್ಲಿ ಅಲ್ಲಿನ ವಿದೇಶ ಮಂತ್ರಿ ಬೀಜಿಂಗಿಗೆ ಹೋಗಿ ಮಾವೋಗೆ ಒಂದು ಪೆಟ್ಟಿಗೆ ಮಾವಿನಹಣ್ಣು ಕೊಟ್ಟರು. ಮಾವೋ ತಾನು ತಿನ್ನದೆ ತ್ಸಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಬೀಡುಬಿಟ್ಟಿದ್ದ ಕಾರ್ಮಿಕರಿಗೆ ಕಳಿಸಿಬಿಟ್ಟರು. ಆ ಭಾಗದ ಜನ ಮಾವನ್ನು ಕಂಡವರೇ ಅಲ್ಲ. ಅಧ್ಯಕ್ಷರು ಕಳಿಸಿದ್ದನ್ನು ತಿನ್ನುವುದುಂಟೇ? ರಾಸಾಯನಿಕದಲ್ಲಿ ಮುಳುಗಿಸಿಟ್ಟರು, ಮೇಣದ ಪ್ರತಿಕೃತಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರವಣಿಗೆ ಮಾಡಿದರು. ಒಂದು ಕಾರ್ಖಾನೆಯಲ್ಲಿ ಹಣ್ಣು ಕೊಳೆಯತೊಡಗಿದಾಗ ಅದನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಒಬ್ಬೊಬ್ಬರಿಗೆ ಒಂದೊಂದು ಚಮಚದಂತೆ ಆ ನೀರನ್ನು ಕುಡಿಸಿದರಂತೆ. ಇದನ್ನು ಓದಿದಾಗ ತೀರ್ಥದ ಸೌಟು ಹಿಡಿದ ನಮ್ಮ ಭಟ್ಟರು ಕಣ್ಣ ಮುಂದೆ ಬಂದು ನಗು ತಡೆಯಲಾಗಲಿಲ್ಲ. ಮುಂದಿನದನ್ನು ಓದಿದ ಮೇಲೆ ನಗು ನಿಂತಿತು. ಒಂದೂರಿನ ದಂತವೈದ್ಯನೊಬ್ಬ ಆ ಮೆರವಣಿಗೆಯ ಹಣ್ಣನ್ನು ನೋಡಿ, ಗೆಣಸಿನ ಹಾಗೆ ಇದೆಯಲ್ಲ ಎಂದದ್ದಕ್ಕೆ ಗುಂಡಿಗೆ ಬಲಿಯಾದ. ಕೊಟ್ಟವರಿಗೆ ಹಣ್ಣು ಎಲ್ಲಿಗೆ ಹೋಗಿ ಏನಾಗುತ್ತದೆಂದು ಹೇಗೆ ಗೊತ್ತಾಗಬೇಕು?

ಪಾಕಿಸ್ತಾನದ ಜನರಲ್ ಜಿಯಾ ಉಲ್ ಹಕ್ ಇಂದಿರಾ ಗಾಂಧಿಯವರಿಗೆ ‘ಅನ್ವರ್ ರಟೋಲ್’ ಎಂಬ ತಳಿಯ ಹಣ್ಣು ಕಳಿಸಿದ್ದರ ಕಥೆಯೂ ಇಂಥದ್ದೇ. ಹಣ್ಣಿನ ರುಚಿಯನ್ನು ಮೆಚ್ಚಿ ಇಂದಿರಾ ಹೊಗಳಿದ ಸುದ್ದಿ ಉತ್ತರಪ್ರದೇಶದ ರಟೌಲ್ ಎಂಬ ಹಳ್ಳಿಗೆ ಮುಟ್ಟಿತಂತೆ. ಅಲ್ಲಿಯವರು ಕೆರಳಿ, ತಮ್ಮ ತೋಟದ ಹಣ್ಣು ಹೊತ್ತು ದೆಹಲಿಗೆ ಬಂದರಂತೆ. ‘ಅಮ್ಮಾ, ಅದು ನಮ್ಮೂರ ಹಣ್ಣು. ವಿಭಜನೆಯ ಕಾಲದಲ್ಲಿ ನಮ್ಮವರೇ ಸಸಿ ಒಯ್ದು ಅಲ್ಲಿ ನೆಟ್ಟದ್ದು’ ಎಂದು ತಕರಾರು. ಕಾಶ್ಮೀರ, ಸಿಂಧೂ ನೀರು, ಸಿಯಾಚಿನ್ ಎಲ್ಲದರ ಜೊತೆಗೆ ಒಂದು ಹಣ್ಣಿನ ವ್ಯಾಜ್ಯ. 2021ರಲ್ಲಿ ರಟೌಲಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿ, ಅಷ್ಟರ ಮಟ್ಟಿಗೆ ಗಡಿ ನಿಗದಿಯಾಯಿತು.

ಇಷ್ಟೆಲ್ಲ ಪುರಾಣವಿದ್ದರೂ ನಮ್ಮ ರಸಪುರಿ ಯಾವ ದೇಶಕ್ಕೂ ದೂತನಾಗಿ ಹೋದ ಉಲ್ಲೇಖ ನನಗೆ ಕಂಡಿಲ್ಲ ಎಂಬುದು ಹಳೆಯ ಮೈಸೂರಿನವನಾದ ನನ್ನ ಖಾಸಗಿ ಕೊರಗು. ಕಾರಣ ಊಹಿಸಬಲ್ಲೆ. ಬುಟ್ಟಿಯಲ್ಲಿ ಎರಡು ದಿನ ಇಟ್ಟರೆ ಅದು ಮೂರನೆಯ ದಿನಕ್ಕೆ ಶಿಷ್ಟಾಚಾರ ಬಿಡುತ್ತದೆ. ಮೊಣಕೈವರೆಗೆ ರಸ ಇಳಿಸಿಕೊಳ್ಳದೆ ತಿನ್ನಲಾಗದ ಹಣ್ಣನ್ನು ಸೂಟು ತೊಟ್ಟ ರಾಷ್ಟ್ರಾಧ್ಯಕ್ಷರ ಮುಂದಿಡುವುದು ಸ್ನೇಹದ ಲಕ್ಷಣವೂ ಅಲ್ಲ.

ಈಚಿನ ಬುಟ್ಟಿ ಬಾಂಗ್ಲಾದೇಶದ್ದು. 2021ರ ಜುಲೈಯಲ್ಲಿ ಅಲ್ಲಿನ ಪ್ರಧಾನಿ ಶೇಖ್ ಹಸೀನಾ ನಮ್ಮ ಪ್ರಧಾನಿ ಮೊದಲಾದವರಿಗೆ 2,600 ಕಿಲೋ ‘ಹರಿಭಂಗಾ’ ಮಾವು ಕಳಿಸಿದರು. 2024ರ ಆಗಸ್ಟಿನಲ್ಲಿ ಹಸೀನಾ ಅಧಿಕಾರ ಕಳೆದುಕೊಂಡು ಭಾರತಕ್ಕೆ ಬಂದಿಳಿದರು. ಢಾಕಾದಲ್ಲಿ ಬಂದ ಹೊಸ ಆಡಳಿತಕ್ಕೆ ಅದೇ ಒಂದು ದೊಡ್ಡ ಸಿಟ್ಟು. ಆದರೂ 2025ರ ಜುಲೈಯಲ್ಲಿ ಆ ಆಡಳಿತದ ಮುಖ್ಯಸ್ಥ ಮುಹಮ್ಮದ್ ಯೂನುಸ್ ಕಡೆಯಿಂದ ಹರಿಭಂಗಾ ಬಂತು: 1,000 ಕಿಲೋ. ಎರಡು ದೇಶಗಳ ಸಂಬಂಧ ಎಷ್ಟು ಹದಗೆಟ್ಟಿತ್ತು ಎಂಬುದನ್ನು ತಕ್ಕಡಿಯಲ್ಲಿಟ್ಟು ತೂಗಿ ಹೇಳಬಹುದಾದ ಬೇರೆ ಉದಾಹರಣೆ ನನಗೆ ಗೊತ್ತಿಲ್ಲ.

ಬುಟ್ಟಿಯ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ಅದು ಕೊಡುವವನ ಮುಖ ನೋಡಿ ಬರುತ್ತದೆ, ಮನಸ್ಸು ನೋಡಿ ನಿಲ್ಲುತ್ತದೆ. ಅಟಾರಿ-ವಾಘಾದಲ್ಲಿ ಹಬ್ಬಕ್ಕೆ ಮಿಠಾಯಿ ಹಂಚಿಕೊಳ್ಳುವ ಪದ್ಧತಿಯ ಚರಿತ್ರೆ ನೋಡಿ: ಒಂದು ವರ್ಷ ಕೊಟ್ಟರು, ಮರುವರ್ಷ ಕೊಡಲಿಲ್ಲ, ಮತ್ತೆ ಕೊಟ್ಟರು. ಅಮೃತಸರಕ್ಕೆ ಹೋದ ಕನ್ನಡಿಗರು ಸ್ವರ್ಣಮಂದಿರ, ಜಲಿಯನ್‌ವಾಲಾ ಬಾಗ್ ಮುಗಿಸಿ ಸಂಜೆಗೆ ಅಟಾರಿಗೆ ಹೋಗುವುದು ವಾಡಿಕೆ. ನಾನೂ ಹೋಗಿ ಗ್ಯಾಲರಿಯಲ್ಲಿ ಕೂತು ಗಂಟಲು ಹರಿಯುವಂತೆ ಕೂಗಿದ್ದೇನೆ. 1959ರಿಂದ ನಡೆದು ಬಂದ ಕವಾಯತು. ಗಡಿಪಡೆಯ ಜವಾನರು ಬೂಟುಗಾಲನ್ನು ಹಣೆಯ ಎತ್ತರಕ್ಕೆ ಎತ್ತಿ ಅಪ್ಪಳಿಸುತ್ತಾರೆ, ಮೀಸೆ ತಿರುವುತ್ತಾರೆ, ದುರುಗುಟ್ಟುತ್ತಾರೆ. ಆದರೆ ಬಾವುಟ ಇಳಿಸುವಾಗ ನೋಡಬೇಕು. ಎರಡೂ ಒಂದೇ ವೇಗದಲ್ಲಿ, ಒಂದು ಇನ್ನೊಂದಕ್ಕಿಂತ ಗೇಣು ಮೇಲಿಲ್ಲ, ಗೇಣು ಕೆಳಗಿಲ್ಲ. ಇಷ್ಟು ಹೊಂದಾಣಿಕೆ ಸಾಧಿಸಲು ಎರಡು ಗಡಿಪಡೆಗಳು ಎಷ್ಟು ಚೆನ್ನಾಗಿ ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು! ಆ ಹೊಂದಾಣಿಕೆ ಧ್ವಜಸ್ತಂಭದ ವಿಷಯದಲ್ಲಿ ಉಳಿಯಲಿಲ್ಲ ಅನ್ನಿ. 2017ರಲ್ಲಿ ನಾವು 360 ಅಡಿಯದನ್ನು ನೆಟ್ಟೆವು. ಅದೇ ವರ್ಷ ಅವರು 400 ಅಡಿಯದನ್ನು ನೆಟ್ಟರು. 2023ರಲ್ಲಿ ನಾವು 418ಕ್ಕೆ ಏರಿದೆವು. ಇಬ್ಬರೂ ಅಷ್ಟರಲ್ಲೇ ನಿಲ್ಲಿಸುವುದು ಒಳ್ಳೆಯದು. ಆ ಎತ್ತರದ ಗಾಳಿಗೆ ಬಾವುಟ ಹರಿಯುತ್ತದೆ.

ಹಾಗಾದರೆ ಮುನಿಸಿನ ನಡುವೆಯೂ ಅಣುಸ್ಥಾವರಗಳ ಪಟ್ಟಿ ಹೇಗೆ ಉಳಿಯಿತು? ನನಗೆ ಉತ್ತರ ಸಿಗುವುದು ನಮ್ಮೂರ ದಾಯಾದಿಗಳಲ್ಲಿ. ಬದುವಿನ ಮೇಲಿನ ಒಂದು ಹುಣಸೆಮರಕ್ಕಾಗಿ ಮುನ್ಸಿಫ್ ಕೋರ್ಟಿನಿಂದ ಹೈಕೋರ್ಟಿನವರೆಗೆ ಅಲೆದ ಮನೆಗಳವು. ಮದುವೆಗೆ ಕರೆಯುವುದಿಲ್ಲ, ಜಾತ್ರೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಆದರೆ ಒಂದು ಮನೆಯಲ್ಲಿ ಸಾವಾದರೆ ಇನ್ನೊಂದು ಮನೆಗೆ ಸುದ್ದಿ ಹೋಗಲೇಬೇಕು. ಸೂತಕ ಇಬ್ಬರಿಗೂ ಉಂಟಲ್ಲ! ಸುದ್ದಿ ತಂದ ಹುಡುಗ ಜಗಲಿ ಹತ್ತುವುದಿಲ್ಲ, ಇವರು ಕೂರು ಎನ್ನುವುದಿಲ್ಲ. ಅಂಗಳದಲ್ಲೇ ನಿಂತು ಹೇಳಿ ಹೋಗುತ್ತಾನೆ. ಅದರಲ್ಲಿ ಪ್ರೀತಿಯ ಲವಲೇಶವಿಲ್ಲ. ಆದ್ದರಿಂದಲೇ ಪ್ರೀತಿ ಬತ್ತಿದ ಮೇಲೂ ಆ ಕಟ್ಟಲೆ ನಡೆಯುತ್ತದೆ. ಅಣುಸ್ಥಾವರ ಒಡೆದರೆ ಅದರ ಧೂಳಿಗೆ ಬದುವಿನ ಲೆಕ್ಕ ಗೊತ್ತಿಲ್ಲ, ಸೂತಕ ಎರಡೂ ಮನೆಗೆ.

ಪಟ್ಟಿಯ ಜಾತಕವೂ ಕುತೂಹಲದ್ದು. ಹಣ್ಣಿನ ಬುಟ್ಟಿಗೆ ಹೆಸರಾದ ಜಿಯಾ 1988ರ ಆಗಸ್ಟ್ 17ರಂದು ವಿಮಾನ ಅಪಘಾತದಲ್ಲಿ ಸತ್ತರು. ಆ ವಿಮಾನಕ್ಕೆ ಬಹಾವಲಪುರದಲ್ಲಿ ಏರಿಸಿದ್ದ ಸಾಮಾನುಗಳಲ್ಲಿ ಮಾವಿನ ಪೆಟ್ಟಿಗೆಗಳೂ ಇದ್ದವು. ಮೊಹಮ್ಮದ್ ಹನೀಫ್ ಅದರ ಸುತ್ತ ಕಾದಂಬರಿಯನ್ನೇ ಬರೆದರು. ಅದೇ ವರ್ಷದ ಡಿಸೆಂಬರ್ 31ರಂದು, ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್ ಸಮ್ಮೇಳನಕ್ಕೆಂದು ರಾಜೀವ್ ಗಾಂಧಿ ಇಸ್ಲಾಮಾಬಾದಿಗೆ ಹೋಗಿದ್ದಾಗ, ಬೆನಜೀರ್ ಭುಟ್ಟೋ ಸರ್ಕಾರದ ಜೊತೆ ಈ ಒಪ್ಪಂದಕ್ಕೆ ಸಹಿ ಬಿತ್ತು.

ಸಾರ್ಕ್ ಎಂದೆ. ನೆನಪಿರುವವರಿಗೆ ನೆನಪಿರಬಹುದು, 1986ರ ನವೆಂಬರಿನಲ್ಲಿ ಆ ಕೂಟದ ಎರಡನೆಯ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಪಾಕಿಸ್ತಾನದ ಪ್ರಧಾನಿ ಜುನೇಜೋ, ಶ್ರೀಲಂಕಾದ ಜಯವರ್ಧನೆ, ನೇಪಾಳ-ಭೂತಾನಗಳ ದೊರೆಗಳು, ಎಲ್ಲರೂ ಬಂದಿದ್ದರು. ಕಠ್ಮಂಡುವಿನಲ್ಲಿ ಕಚೇರಿ ತೆರೆಯುವ ನಿರ್ಧಾರವಾದದ್ದು ಇಲ್ಲಿಯೇ. ಆ ಕೂಟದ ಸನದಿನಲ್ಲಿ ಒಂದು ಅಪರೂಪದ ಕಲಮು ಇದೆ: ಇಬ್ಬರ ನಡುವಿನ ಜಗಳದ ವಿಷಯಗಳನ್ನು ಸಭೆಯಲ್ಲಿ ಎತ್ತಬಾರದು. ಜಗಳವಾಡುವವರೇ ಸೇರಿ ಕಟ್ಟಿದ ಸಂಘದಲ್ಲಿ ಜಗಳದ ಮಾತು ನಿಷಿದ್ಧ! ಹಾಗಾಗಿ ಅವರೆಲ್ಲ ಹವಾಮಾನ, ಕೃಷಿ, ಅಂಚೆ ಮುಂತಾದವುಗಳ ಬಗ್ಗೆ ಗಂಭೀರವಾಗಿ ಚರ್ಚಿಸಿದರು. ಆಡಬೇಕಾದ ಮಾತನ್ನು ಕಾರಿಡಾರಿನಲ್ಲಿ ಆಡಿದರು. ಇದನ್ನು ಗೇಲಿ ಮಾಡಿದವರು ಬಹಳ. ನಾನು ಮಾಡಲಾರೆ. ಕಾರಿಡಾರು ಬೇಕೆಂದರೆ ಮೊದಲು ಒಂದು ಸಭಾಂಗಣ ಇರಬೇಕು. 2014ರ ಕಠ್ಮಂಡು ಸಮ್ಮೇಳನದಲ್ಲಿ ಮೋದಿ ಮತ್ತು ನವಾಜ್ ಷರೀಫ್ ಮುಗಿಯುವ ಹೊತ್ತಿಗೆ ಕೈಕುಲುಕಿದ್ದೇ ದೊಡ್ಡ ಸುದ್ದಿಯಾಗಿತ್ತು. ಅಲ್ಲಿಂದೀಚೆಗೆ ಸಮ್ಮೇಳನವೇ ನಡೆದಿಲ್ಲ, ಕುಲುಕಲು ಕಾರಿಡಾರೂ ಇಲ್ಲ.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಅವರಲ್ಲಿ ಕನ್ನಡಿಗರೂ ಇದ್ದರು. ಅದರ ಮುಂದೆ ಯಾವ ಹಾಸ್ಯವೂ ನಿಲ್ಲುವುದಿಲ್ಲ. ಸಿಂಧೂ ಒಪ್ಪಂದವನ್ನು ತಡೆಹಿಡಿದದ್ದು, ವೀಸಾ ರದ್ದಾದದ್ದು, ಅಟಾರಿಯ ಗೇಟು ಮುಚ್ಚಿ ಜವಾನರ ಕೈಕುಲುಕು ನಿಂತದ್ದು, ಮೇ ತಿಂಗಳ ನಾಲ್ಕು ದಿನ ಕ್ಷಿಪಣಿ ಡ್ರೋನುಗಳು ಹಾರಿದ್ದು ಎಲ್ಲರಿಗೂ ಗೊತ್ತು. ಅದು ನಿಂತದ್ದು ಹೇಗೆ? ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ನಮ್ಮ ಮಹಾನಿರ್ದೇಶಕರಿಗೆ ಫೋನು ಮಾಡಿದರು ಎಂದು ನಮ್ಮ ವಿದೇಶಾಂಗ ಕಾರ್ಯದರ್ಶಿ ಅಂದೇ ಸಂಜೆ ಹೇಳಿದರು. ನಿಲ್ಲಿಸಿದ್ದು ತಾನೆಂದು ಅಮೆರಿಕದ ಅಧ್ಯಕ್ಷರು ಹೇಳಿಕೊಂಡದ್ದು ಬೇರೆ ಮಾತು. ಫೋನಂತೂ ಇತ್ತು, ಗಂಟೆ ಬಾರಿಸಿತು, ಈ ಕಡೆ ಎತ್ತುವವರೂ ಇದ್ದರು.

ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಜುಲೈ 1 ಬಂತು. ಅಂದು ಇನ್ನೊಂದು ಪಟ್ಟಿಯ ದಿನ. 2008ರ ಒಪ್ಪಂದದಂತೆ ವರ್ಷಕ್ಕೆ ಎರಡು ಬಾರಿ, ಜನವರಿ 1 ಮತ್ತು ಜುಲೈ 1ಕ್ಕೆ, ತಮ್ಮ ಜೈಲಿನಲ್ಲಿರುವ ಎದುರು ದೇಶದವರ ಹೆಸರುಗಳನ್ನು ಎರಡೂ ಕಡೆಯವರು ಕೊಡಬೇಕು. ಕೊಟ್ಟರು. ಪಾಕಿಸ್ತಾನ ಕೊಟ್ಟ ಪಟ್ಟಿಯಲ್ಲಿ 193 ಮೀನುಗಾರರಿದ್ದರು, ನಮ್ಮ ಪಟ್ಟಿಯಲ್ಲಿ ಅವರ ಕಡೆಯ 81 ಮೀನುಗಾರರು. ಗುಜರಾತಿನ ಸರ್ ಕ್ರೀಕಿನ ಆಚೆ ಸಮುದ್ರದಲ್ಲಿ ಗೆರೆ ಎಲ್ಲಿದೆ ಎಂಬುದನ್ನು ಎರಡು ಸರ್ಕಾರಗಳು ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನವಾಗದ ಆ ಗೆರೆಯನ್ನು ದಾಟಿದ ತಪ್ಪಿಗೆ ಬಲೆ ಬೀಸುವವನು ಜೈಲಿಗೆ ಹೋಗುತ್ತಾನೆ. ಮೀನಿನ ಹಿಂದೆ ಹೋದವನಿಗೆ ಅಕ್ಷಾಂಶ ರೇಖಾಂಶ ಕೊಟ್ಟವರಾರು?

ಶಿಕ್ಷೆಯ ಅವಧಿ ಮುಗಿದಿದ್ದರೂ ಪಾಕಿಸ್ತಾನದಲ್ಲೇ ಉಳಿದಿದ್ದ ನಮ್ಮ 159 ಮೀನುಗಾರರು ಮತ್ತು ನಾಗರಿಕರನ್ನು ಬೇಗ ಕಳಿಸಿ ಎಂದು ಭಾರತ ಅಂದೇ ಕೇಳಿತು. ಪಟ್ಟಿ ಕೊಡುವಷ್ಟು ಮರ್ಯಾದೆ ಉಳಿಸಿಕೊಂಡ ಎರಡೂ ಸರ್ಕಾರಗಳಿಗೆ ನನ್ನದೂ ಅದೇ ಅರಿಕೆ: ಮಾವು ಬರಲಿ ಬಿಡಲಿ, ಶಿಕ್ಷೆ ಮುಗಿಸಿದ ಮೀನುಗಾರರನ್ನು ಮೊದಲು ಮನೆಗೆ ಕಳಿಸಿ.