ಹಾಯಿದೋಣಿಯ ಬಾಲದಲ್ಲೊಂದು ಮೋಟಾರು

ಗಾಳಿಯನ್ನೇ ನಂಬಿ ದೋಣಿ ನಡೆಸುತ್ತೇವೆ ಅನ್ನುವವರ ಮಾತನ್ನು ಪೂರ್ತಿ ನಂಬುವ ಮೊದಲು ಅವರ ದೋಣಿಯ ಹಿಂಬದಿಗೆ ಒಂದು ಸುತ್ತು ಹೋಗಿಬನ್ನಿ. ಅಲ್ಲೊಂದು ಪೆಟ್ರೋಲ್ ಮೋಟಾರು ತನ್ನ ಪಾಡಿಗೆ ತಾನು ನೇತಾಡುತ್ತಿರುತ್ತದೆ. ಡಲ್ಲಾಸಿನ ಪಕ್ಕದ ಪ್ಲೇನೋದಲ್ಲಿರುವ ನನ್ನ ಷಡ್ಡಕನಿಗೆ ಈ ಮಾತು ಹೇಳಿದರೆ ಮೂಗಿನ ತುದಿಗೆ ಕೋಪ. "ಅದು ಎಮರ್ಜೆನ್ಸಿಗೆ ಭಾವ" ಅನ್ನುತ್ತಾನೆ. ಟೆಕ್ಸಸ್ಸಿನ ಬೇಸಿಗೆಯಲ್ಲಿ ಈ ಎಮರ್ಜೆನ್ಸಿ ಪ್ರತಿ ಮಧ್ಯಾಹ್ನ ಊಟದ ಹೊತ್ತಿಗೆ ತಪ್ಪದೆ ಬರುತ್ತದೆ. ಗಾಳಿ ಬೀಳುತ್ತದೆ, ಹಾಯಿ ಜೋಲುತ್ತದೆ, ಕ್ಯಾಪ್ಟನ್ ಸಾಹೇಬರು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಗ್ಗ ಜಗ್ಗಿ ಮೋಟಾರು ಚಾಲೂ ಮಾಡುತ್ತಾರೆ.

ಅವನದು ಕ್ಯಾಟಲೀನಾ 22. ಅಮೆರಿಕದಲ್ಲಿ ಸಣ್ಣ ಹಾಯಿದೋಣಿಯೆಂದರೆ ಥಟ್ಟನೆ ನೆನಪಾಗುವ ಹೆಸರುಗಳಲ್ಲೊಂದು. ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್ 1969ರಲ್ಲಿ ಶುರುಮಾಡಿದ್ದು, ಈವರೆಗೆ 15,000ಕ್ಕೂ ಮಿಕ್ಕಿ ತಯಾರಾಗಿವೆ. ಉದ್ದ ಇಪ್ಪತ್ತೊಂದೂವರೆ ಅಡಿ, ತೂಕ ಒಂದು ಟನ್ನಿನ ಆಸುಪಾಸು. ತಳದ ಭಾರವಾದ ಕೀಲನ್ನು ಮೇಲೆತ್ತಿಕೊಳ್ಳುವ ಮಾದರಿಯಾದ್ದರಿಂದ ಟ್ರೇಲರ್ ಮೇಲೆ ತಗ್ಗಾಗಿ ಕೂರುತ್ತದೆ. ಪ್ಲೇನೋದಿಂದ ಟೆಕ್ಸೋಮಾ ಸರೋವರಕ್ಕೆ ಉತ್ತರಾಭಿಮುಖವಾಗಿ ಸುಮಾರು 100 ಕಿಲೋಮೀಟರು ಹೆದ್ದಾರಿ. ಸರೋವರದಲ್ಲಿ ಮೋಟಾರು ಓಡುವುದು ಜೆಟ್ಟಿ ದಾಟುವ ತನಕ, ಮಧ್ಯಾಹ್ನದ ಆ ಎಮರ್ಜೆನ್ಸಿಯಲ್ಲಿ, ಮತ್ತೆ ವಾಪಸು ಬರುವಾಗ. ಲೆಕ್ಕ ಹಾಕಿದರೆ ಪಾಪದ ಮೋಟಾರು ನೀರಿಗಿಂತ ರಸ್ತೆಯಲ್ಲೇ ಹೆಚ್ಚು ದೂರ ಹೋಗಿದೆ, ಅದೂ ಹಿಮ್ಮುಖವಾಗಿ ನೇತಾಡಿಕೊಂಡು.

ನಮ್ಮ ಮಲ್ಪೆ, ಮರವಂತೆ ಕಡೆಯ ನಾಡದೋಣಿಗಳಿಗೂ ಔಟ್‌ಬೋರ್ಡ್ ಉಂಟು. ಸಬ್ಸಿಡಿ ಸೀಮೆಎಣ್ಣೆ ಯಾವಾಗ ಬರುತ್ತದೆ ಎನ್ನುವುದೇ ಅಲ್ಲಿಯ ಚಿಂತೆ. ಮನೆಯಂಗಳದಿಂದ ಸಮುದ್ರಕ್ಕೆ ದೋಣಿಯನ್ನು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಎಳೆದುಕೊಂಡು ಹೋಗುವ ಹುಚ್ಚು ಅವರಿಗಿಲ್ಲ. ಇದು ವಾರಾಂತ್ಯದ ನಾವಿಕರಿಗೇ ಮೀಸಲಾದ ಸಂಕಟ.

ಸಂಕಟದ ಮೂಲ ಬ್ರ್ಯಾಕೆಟ್ಟು. ಹಾಯಿದೋಣಿಯ ಹಿಂಗೋಡೆ ಎತ್ತರವಾದ್ದರಿಂದ ಮೋಟಾರನ್ನು ಅದಕ್ಕೇ ನೇರವಾಗಿ ಕಚ್ಚಿಸಿದರೆ ಪ್ರೊಪೆಲ್ಲರ್ ನೀರಿಗೆ ಸರಿಯಾಗಿ ಮುಟ್ಟುವುದಿಲ್ಲ. ಹಾಗಾಗಿ ಸ್ಪ್ರಿಂಗಿರುವ ಒಂದು ಬ್ರ್ಯಾಕೆಟ್ಟು, ಅದರ ತುದಿಗೊಂದು ಹಲಗೆ, ಹಲಗೆಯನ್ನು ಕಚ್ಚಿ ಹಿಡಿಯುವ ಎರಡು ತಿರುಪು. 6 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಮೋಟಾರು 26 ಕಿಲೋ ತೂಗುತ್ತದೆ. ನೀರಿನಲ್ಲಿ ಇದೆಲ್ಲ ಸಲೀಸು. ಪ್ರೊಪೆಲ್ಲರ್ ದೋಣಿಯನ್ನು ಮುಂದಕ್ಕೆ ತಳ್ಳುವಾಗ ಬ್ರ್ಯಾಕೆಟ್ಟೂ ಗೋಡೆಗೇ ಒತ್ತಿಕೊಳ್ಳುತ್ತದೆ. ರಸ್ತೆಯಲ್ಲಿ ಒತ್ತುವವರು ಯಾರೂ ಇಲ್ಲ, ಜಗ್ಗುವುದೊಂದೇ. ಕಾಂಕ್ರೀಟ್ ರಸ್ತೆಯ ಪ್ರತಿ ಬೆಸುಗೆಗೂ ಟ್ರೇಲರ್ ಟಕ್ಕೆಂದು ಕುಪ್ಪಳಿಸುತ್ತದೆ, ಬ್ರ್ಯಾಕೆಟ್ಟಿನ ಸ್ಪ್ರಿಂಗು ಅದಕ್ಕೆ ತನ್ನದೊಂದು ಕುಪ್ಪಳ ಸೇರಿಸುತ್ತದೆ. ಒಂದು ಒಳ್ಳೇ ಗುಂಡಿ ಸಿಕ್ಕಿದರೆ 26 ಕಿಲೋ ಕ್ಷಣಮಾತ್ರಕ್ಕೆ ಅದರ ಎರಡರಷ್ಟೋ ಮೂರರಷ್ಟೋ ಭಾರವಾಗಿ ಬೋಲ್ಟುಗಳನ್ನು ಕೀಳಲು ನೋಡುತ್ತದೆ. ಹಿಂದಿನ ಕಾರಿನವರಿಗೆ ಈ ನರ್ತನವೆಲ್ಲ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅವರು ದೂರ ಉಳಿಯುವುದು.

"ಕಳಚಿ ಡಿಕ್ಕಿಗೆ ಹಾಕಯ್ಯ" ಅಂದರೆ ಷಡ್ಡಕ ನನ್ನನ್ನು ನೋಡಿದ ನೋಟ ಹೇಳತೀರದು. ಆದರೆ ನಾನೇನು ಹೊಸದು ಹೇಳಲಿಲ್ಲ. ಈ ಮೋಟಾರು ಹುಟ್ಟಿದ್ದೇ ಕಳಚುವುದಕ್ಕೆ. ಮಿಲ್ವಾಕಿಯ ಓಲೆ ಎವಿನ್‌ರೂಡ್ ಎಂಬ ನಾರ್ವೆ ಮೂಲದ ಮೆಕ್ಯಾನಿಕ್ಕು 1909ರಲ್ಲಿ ತನ್ನ ಮೋಟಾರನ್ನು ಮಾರಾಟಕ್ಕಿಟ್ಟ. ಅವನಿಗಿಂತ ಮುಂಚೆಯೂ ಕೆಲವರು ಇಂಥದ್ದನ್ನು ಮಾಡಿದ್ದರು, ಜನಕ್ಕೆ ರುಚಿ ಹತ್ತಿಸಿದವನು ಇವನು. ಸರೋವರದ ದಂಡೆಯಲ್ಲಿ ಕೂತಿದ್ದ ಅವನ ಗೆಳತಿ ಬೆಸ್ ಐಸ್‌ಕ್ರೀಮ್ ಬೇಕೆಂದಳಂತೆ, ಇವನು ಹುಟ್ಟುಹಾಕಿಕೊಂಡು ಆಚೆ ದಡಕ್ಕೆ ಹೋಗಿ ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ, ಅಲ್ಲಿಂದ ಮೋಟಾರಿನ ಯೋಚನೆ ಬಂತಂತೆ. ಮೂರು ಸಲ 'ಅಂತೆ' ಬಂದಿರುವುದರಿಂದ ಕತೆಯನ್ನು ಎಷ್ಟು ಬೇಕೋ ಅಷ್ಟು ನಂಬಿ. ಬೆಸ್ ಅವನ ಹೆಂಡತಿಯಾದದ್ದೂ, ವ್ಯಾಪಾರ ಮತ್ತು ಜಾಹೀರಾತನ್ನು ಅವಳೇ ನೋಡಿಕೊಂಡದ್ದೂ ಮಾತ್ರ ನಿಜ. ಒಂದೂವರೆ ಅಶ್ವಶಕ್ತಿಯ ಆ ಮೋಟಾರು 28 ಕಿಲೋ ಇತ್ತು. ಬಾಡಿಗೆ ದೋಣಿಗೆ ಕಚ್ಚಿಸು, ಸಂಜೆ ಕಳಚಿ ಮನೆಗೆ ಒಯ್ಯಿ, ಅದರ ಮಜವೇ ಅಷ್ಟು. ನೂರು ವರ್ಷ ದಾಟಿದ ಮೇಲೆ ಅದರ ಮೊಮ್ಮಕ್ಕಳನ್ನು ಕೊಂಡವರು ಕಳಚುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ.

ಕಾರಣಗಳಿಗೇನು ಬರ. "ಸೊಂಟ ಭಾವ, ಸೊಂಟ" ಎಂಬುದು ಒಂದು. ಅದು ಒಪ್ಪತಕ್ಕದ್ದೇ. ಟ್ರೇಲರ್ ಮೇಲೆ ಕೂತ ದೋಣಿಯ ಹಿಂಬದಿ ಎದೆಮಟ್ಟಕ್ಕೂ ಮೇಲೆ. ಅಲ್ಲಿಂದ 26 ಕಿಲೋ ಲೋಹವನ್ನು ತಬ್ಬಿಕೊಂಡು ಇಳಿಸುವುದು ಕಂಪ್ಯೂಟರ್ ಮುಂದೆ ಕೂತು ಸವೆದ ಬೆನ್ನಿಗೆ ಹೇಳಿದ್ದಲ್ಲ. ಎರಡನೆಯ ಕಾರಣ ನನ್ನ ನಾದಿನಿ. "ಆ ಪೆಟ್ರೋಲ್ ವಾಸನೆ ಕಾರೊಳಗೆ ಬಂದ್ರೆ ನಾನು ಬರಲ್ಲ" ಎಂದು ಅವಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಾಳೆ. ಅದೂ ನ್ಯಾಯವೇ. ಟ್ಯಾಂಕಿನಲ್ಲಿ ಎಣ್ಣೆಯಿಟ್ಟುಕೊಂಡ ಮೋಟಾರನ್ನು 40 ಡಿಗ್ರಿ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಮಲಗಿಸುವುದು ವಾಸನೆಗಿಂತ ದೊಡ್ಡ ಅಪಾಯ. ಕಾರ್ಬ್ಯುರೇಟರ್ ಬಸಿಯಬೇಕು, ಟ್ಯಾಂಕು ಖಾಲಿಮಾಡಬೇಕು, ಒಳಗಿನ ನೀರು ಇಳಿಯುವ ತನಕ ನೆಟ್ಟಗೆ ನಿಲ್ಲಿಸಿರಬೇಕು. ಆಮೇಲೆ ಮಲಗಿಸುವುದಕ್ಕೂ ಶಾಸ್ತ್ರವಿದೆ. ಫೋರ್ ಸ್ಟ್ರೋಕ್ ಆದರೆ ಕೈಪಿಡಿಯಲ್ಲಿ ಹೇಳಿದ ಮಗ್ಗುಲಿಗೇ ಮಲಗಬೇಕು, ತಲೆ ಪ್ರೊಪೆಲ್ಲರಿಗಿಂತ ಮೇಲಿರಬೇಕು. ಮಗ್ಗುಲು ತಪ್ಪಿದರೆ ಒಳಗಿನ ಆಯಿಲ್ ಸಿಲಿಂಡರಿಗೆ ಹರಿದು, ಮುಂದಿನ ಸಲ ಚಾಲೂ ಮಾಡಿದಾಗ ಇಡೀ ಜೆಟ್ಟಿಗೆ ಸೊಳ್ಳೆ ಓಡಿಸಿದಷ್ಟು ಹೊಗೆ. ಹಳೇ ಟೂ ಸ್ಟ್ರೋಕುಗಳಿಗೆ ಮಗ್ಗುಲಿನ ಈ ಮಡಿಯಿರಲಿಲ್ಲ. ಇನ್ನು ಬ್ಯಾಟರಿ ಮೋಟಾರು ಬಂದಿದೆಯಲ್ಲ, ಬ್ಯಾಟರಿ ಬೇರೆ ದಂಡ ಬೇರೆ ಮಾಡಿ ಕೈಚೀಲದ ತೂಕಕ್ಕೆ ಇಳಿಸಬಹುದಲ್ಲ ಎಂದು ಕೇಳಿದೆ. ಷಡ್ಡಕ ಬೆಲೆ ಹೇಳಿದ. ನಾನು ಹವಾಮಾನದ ಮಾತಿಗೆ ತಿರುಗಿದೆ.

ಹಾಗಾಗಿ ಮೋಟಾರು ಬ್ರ್ಯಾಕೆಟ್ಟಿನ ಮೇಲೇ ಉಳಿಯುತ್ತದೆ, ಹಗ್ಗದ ಪರ್ವ ಶುರುವಾಗುತ್ತದೆ. ದೋಣಿಯವರಿಗೆ ಒಂದು ಹಗ್ಗದಲ್ಲಿ ನಂಬಿಕೆಯಿಲ್ಲ. ಮೊದಲು ರಬ್ಬರಿನ ಬಂಜಿ ಹಗ್ಗ ಬಂತು. ಅದು ಮೋಟಾರಿನ ಜೊತೆಗೇ ತಾಳ ಹಾಕಿಕೊಂಡು ಕುಣಿಯಿತು, ಕುಣಿಯುವುದನ್ನು ಕುಣಿಯುವುದರಿಂದ ಕಟ್ಟಿದರೆ ಇನ್ನೇನಾಗುತ್ತದೆ? ನೈಲಾನ್ ಹಗ್ಗವೂ ಹಿಗ್ಗುತ್ತದೆ, ನೆಂದರೆ ಇನ್ನಷ್ಟು. ಕೊನೆಗೆ ಹಿಗ್ಗದ ಪಾಲಿಯೆಸ್ಟರ್ ಪಟ್ಟಿ, ಕಟಕಟ ಎಂದು ಬಿಗಿಯುವ ರ‍್ಯಾಚೆಟ್ಟಿನದು. ಮೋಟಾರಿನ ಕೊರಳಿನಿಂದ ಹಿಂಬದಿಯ ಎಡಬಲದ ಕ್ಲೀಟುಗಳಿಗೆ ಒಂದೊಂದು, ಅತ್ತಿತ್ತ ಓಲಾಡದಂತೆ. ಕೆಳಕ್ಕೊಂದು, ಮೇಲೆ ಹಾರದಂತೆ. ಬ್ರ್ಯಾಕೆಟ್ಟಿನ ತೋಳುಗಳ ನಡುವೆ ಒಂದು ಮರದ ತುಂಡು ಗಿಡಿದು ಬಿಗಿದರೆ ಸ್ಪ್ರಿಂಗಿನ ಬಾಯಿ ಬಂದ್. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಕಾಸಿಲ್ಲದೆ ಸಿಕ್ಕುವ ಆ ಮರದ ತುಂಡಿಗೇ ಮೊದಲ ಮರ್ಯಾದೆ ಸಲ್ಲಬೇಕು. ಅಂಗಡಿಯಲ್ಲಿ ಇದಕ್ಕೆಂದೇ ಒಂದು ಕಬ್ಬಿಣದ ಊರುಗೋಲು ಸಿಗುತ್ತದೆ, ಟ್ರೇಲರಿನಿಂದ ಮೋಟಾರಿನ ಕಾಲಿಗೆ ಆಸರೆ ಕೊಡುವಂಥದ್ದು. ಅದು ಮೀನು ಹಿಡಿಯುವ ತಗ್ಗಿನ ದೋಣಿಗಳಿಗೆ ಹೇಳಿಮಾಡಿಸಿದ್ದು. ಹಾಯಿದೋಣಿಯ ಮೋಟಾರು ಅಷ್ಟೆತ್ತರದಲ್ಲಿ, ಅಷ್ಟು ಹಿಂದಕ್ಕೆ ಚಾಚಿಕೊಂಡಿರುವಾಗ ಊರುಗೋಲು ಸುಲಭಕ್ಕೆ ಎಟುಕುವುದಿಲ್ಲ.

ಮೋಟಾರನ್ನು ಮೇಲಕ್ಕೆ ವಾಲಿಸಿ ಹಿಡಿದಿಡಲು ಅದರಲ್ಲೇ ಒಂದು ಪುಟ್ಟ ಕೊಕ್ಕೆಯಿದೆ. ಷಡ್ಡಕನಿಗೆ ಅದರ ಮೇಲೆ ಅಪಾರ ವಿಶ್ವಾಸ. ರಸ್ತೆಯಲ್ಲಿ ಎಳೆಯುವಾಗ ಅದನ್ನು ನಂಬಬೇಡಿ ಎಂದು ಕೈಪಿಡಿಗಳು ಎಚ್ಚರಿಸುತ್ತವೆ. ಕೈಪಿಡಿ ಎಲ್ಲಿದೆ ಅಂದರೆ ದೋಣಿಯಲ್ಲಿದೆ ಅಂದ, ದೋಣಿಯಲ್ಲಿ ಎಲ್ಲಿದೆ ಅಂದರೆ ದೋಣಿಯ ಒಳಗಿದೆ ಅಂದ.

ಇನ್ನೊಂದು ಸೂಕ್ಷ್ಮವಿದೆ, ಅದು ಹಗ್ಗಕ್ಕೆ ಬಗ್ಗುವುದಲ್ಲ. ಟ್ರೇಲರು ಎಂದರೆ ಚಕ್ರದ ಮೇಲಿಟ್ಟ ಏತ. ಹಿಂದೆ ಭಾರ ಹೆಚ್ಚಿದಷ್ಟೂ ಮುಂದಿನ ಮೂತಿ ಹಗುರಾಗುತ್ತದೆ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಷ್ಟಾದರೂ ಕಾರಿನ ಕೊಕ್ಕೆಯ ಮೇಲೆ ಕೂತಿರಬೇಕು. ಇಲ್ಲದಿದ್ದರೆ ವೇಗ ಹೆಚ್ಚಿದಾಗ ಟ್ರೇಲರು ಬಾಲ ಬೀಸಲು ತೊಡಗುತ್ತದೆ, ಆಮೇಲೆ ಕಾರನ್ನು ನಡೆಸುವುದು ಅದೇ. ಅಚ್ಚಿನಿಂದ ಎರಡೂವರೆ ಮೀಟರು ಹಿಂದೆ 26 ಕಿಲೋ ತೂಗಿಬಿಟ್ಟರೆ, ಅಚ್ಚಿನಿಂದ ಐದು ಮೀಟರು ಮುಂದಿರುವ ಕೊಕ್ಕೆಯ ಮೇಲಿಂದ 13 ಕಿಲೋ ಮಾಯ. ಅಷ್ಟರಿಂದ ಆಕಾಶ ಬೀಳುವುದಿಲ್ಲ. ಆದರೆ ಮೋಟಾರಿನ ಪಕ್ಕದಲ್ಲೇ ಪೆಟ್ರೋಲ್ ಡಬ್ಬ, ಐಸು ತುಂಬಿದ ಕೂಲರು, ಲಂಗರು, ನಾದಿನಿ ಕಟ್ಟಿದ ಪುಳಿಯೋಗರೆಯ ದೊಡ್ಡ ಡಬ್ಬಿ, ಎಲ್ಲ ಹಿಂದೆಯೇ ಹತ್ತಿದರೆ ಲೆಕ್ಕ ಬೇರೆಯಾಗುತ್ತದೆ. ಪುಳಿಯೋಗರೆಯನ್ನು ಮುಂದಕ್ಕೆ ಸರಿಸಿ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಬಿಗಿದದ್ದು ಬಿಗಿದೇ ಇರುತ್ತದೆಂಬ ಭ್ರಮೆಯೂ ಬೇಡ. ಆ ಎರಡು ತಿರುಪು ನಡುಕಕ್ಕೆ ತಾವಾಗಿಯೇ ಸಡಿಲುತ್ತವೆ, ಹಲಗೆ ಮೆದುವಾದರೆ ಇನ್ನೂ ಬೇಗ. ಮೊದಲ ಪೆಟ್ರೋಲ್ ಬಂಕಿನಲ್ಲೇ ಇಳಿದು ಒಮ್ಮೆ ತಿರುಗಿಸಿ ನೋಡುವುದು ವಾಡಿಕೆ. ತಿರುಪಿನ ಎರಡೂ ಹಿಡಿಗಳನ್ನು ಸೇರಿಸಿ ಹಾಕುವ ಬೀಗವೊಂದಿದೆ. ಅದು ಸಡಿಲುವುದನ್ನೂ ತಡೆಯುತ್ತದೆ, ಕಳ್ಳರನ್ನೂ ತಡೆಯುತ್ತದೆ. ಕಳಚುವುದು ಎಷ್ಟು ಸುಲಭವೆಂದು ಮಾಲೀಕರು ಮರೆತರೂ ಕಳ್ಳರು ಮರೆತಿರುವುದಿಲ್ಲ.

ವಾಪಸು ಬರುವಾಗ ಕಾನೂನಿನ ಕಾಟ. 2009ರಲ್ಲಿ ಟೆಕ್ಸಸ್ಸಿನಲ್ಲೇ ಮೊದಲಬಾರಿಗೆ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಸಿಕ್ಕಿದ್ದು ಇದೇ ಟೆಕ್ಸೋಮಾದಲ್ಲಿ. ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಒಂದಿಷ್ಟು ನೀರು ಸಿಕ್ಕರೆ ಇನ್ನೊಂದು ಕೆರೆಗೆ ಪುಕ್ಕಟೆ ಪ್ರಯಾಣ. 2014ರಿಂದ ರಾಜ್ಯದಾದ್ಯಂತ ದೋಣಿ, ಮೋಟಾರು ಎಲ್ಲದರ ನೀರನ್ನೂ ಬಸಿದೇ ಹೊರಡಬೇಕೆಂದು ನಿಯಮ. ಅಂದರೆ ಮೋಟಾರನ್ನು ನೆಟ್ಟಗೆ ಇಳಿಸಿ ಬಸಿದು, ಮತ್ತೆ ಎತ್ತಿ, ಮತ್ತೆ ಅಷ್ಟೂ ಹಗ್ಗ. ಅಷ್ಟು ಹೊತ್ತಿನಲ್ಲಿ ಎರಡು ಸಲ ಕಳಚಿ ಡಿಕ್ಕಿಗೆ ಹಾಕಬಹುದಿತ್ತು ಎಂದು ನಾನು ಹೇಳಲಿಲ್ಲ. ನಾದಿನಿ ಹೇಳಿದಳು.

ಷಡ್ಡಕ ಈಗ ದೊಡ್ಡ ದೋಣಿ ನೋಡುತ್ತಿದ್ದಾನೆ. ಅದರಲ್ಲಿ ಇಂಜಿನ್ನು ಹೊಟ್ಟೆಯೊಳಗೇ ಇರುತ್ತದಂತೆ, ಕಟ್ಟುವುದೂ ಬೇಡ, ಬಿಚ್ಚುವುದೂ ಬೇಡ. ಆ ದೋಣಿಯನ್ನು ಎಳೆಯಲು ಈಗಿನ ಕಾರು ಸಾಲದು, ದೊಡ್ಡ ಟ್ರಕ್ಕೇ ಬೇಕು ಎಂಬ ವಿಷಯವನ್ನು ನಾದಿನಿಗೆ ನಾನು ಹೇಳಬೇಕಂತೆ. "ನೀವು ಹಿರಿಯರು ಭಾವ, ನಿಮ್ಮ ಮಾತು ಅವಳು ಕೇಳ್ತಾಳೆ" ಅನ್ನುತ್ತಿದ್ದಾನೆ.